ಅಕ್ವೇರಿಯಂಗೆ ಕಲ್ಲು, ಹರಳು ಆರಿಸುವಾಗ

ಕಾರವಾರದ ಕಡಲತೀರದ ಮರಳು ಕೈಗೆಟಕುವಷ್ಟು ಹತ್ತಿರವಿದ್ದರೂ ಸಿಹಿನೀರಿನ ಅಕ್ವೇರಿಯಂಗೆ ಅದನ್ನು ತರಬಾರದು. ಅದರಲ್ಲಿ ಬೆರೆತಿರುವ ಚಿಪ್ಪಿನ ಚೂರುಗಳು ನಿಧಾನವಾಗಿ ಕರಗಿ ನೀರಿನ ಗಡಸುತನವನ್ನೂ ಕ್ಷಾರಗುಣವನ್ನೂ ಹೆಚ್ಚಿಸುತ್ತವೆ. ಯಾಣದ ಶಿಖರಗಳಲ್ಲಿರುವಂತಹ ಸುಣ್ಣಕಲ್ಲಿನ ಗುಣವೂ ಇದೇ. ಕಲ್ಲಿನ ಮೇಲೆ ಕೆಲವು ಹನಿ ವಿನೆಗರ್ ಬಿಟ್ಟಾಗ ನೊರೆ ಎದ್ದರೆ ಅದನ್ನು ಬದಿಗಿಡಿ. ಗ್ರಾನೈಟ್ ಮತ್ತು ಬೆಣಚುಕಲ್ಲನ್ನು ನಿಶ್ಚಿಂತೆಯಿಂದ ಬಳಸಬಹುದು. ಜಂಬಿಟ್ಟಿಗೆ ಕಲ್ಲಿನಿಂದ ಪುಡಿ ಉದುರಿ ನೀರು ಕೆಂಪಾಗುವುದರಿಂದ ನಾನು ಅದನ್ನು ಒಪ್ಪುವುದಿಲ್ಲ.

ತಳಕ್ಕೆ 2ರಿಂದ 5 ಮಿಲಿಮೀಟರ್ ಗಾತ್ರದ, ಅಂಚು ನುಣುಪಾದ ಹರಳುಕಲ್ಲನ್ನು ಆರಿಸಿ, ನೀರು ತಿಳಿಯಾಗುವವರೆಗೆ ತೊಳೆಯಿರಿ. 60 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ ತೊಟ್ಟಿಯಲ್ಲಿ 5 ಸೆಂಟಿಮೀಟರ್ ದಪ್ಪಕ್ಕೆ ಹರಡಲು ಸುಮಾರು 14 ಕಿಲೋ ಬೇಕಾಗುತ್ತದೆ. ದೊಡ್ಡ ಕಲ್ಲುಗಳನ್ನು ಹರಳು ಸುರಿಯುವ ಮೊದಲೇ ತಳದಲ್ಲಿ ಭದ್ರವಾಗಿ ಕೂರಿಸಬೇಕು. ಇಲ್ಲವಾದರೆ ಮೀನುಗಳು ಅಡಿಯನ್ನು ಕೆದಕಿದಾಗ ಕಲ್ಲು ಉರುಳಿ ಗಾಜು ಒಡೆದೀತು.