ತೋಟದ ಗಿಳಿ ಯಾವ ಗಿಳಿ? ಗುರುತು ಹಿಡಿಯುವುದು ಹೀಗೆ

ಹಸಿರು ಹಕ್ಕಿ, ಹಸಿರು ಎಲೆ. ಗಿಳಿ ಹುಡುಕುವವರಿಗೆ ಇದೇ ದೊಡ್ಡ ತಲೆನೋವು. ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ನಾನು ಕತ್ತು ನೋಯುವವರೆಗೂ ಮೇಲೆ ನೋಡುತ್ತಾ ನಿಂತಿದ್ದೆ. ಗಿಡದ ಮಧ್ಯೆ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರು ನಕ್ಕರು. ‘ಮೇಲ್ಯಾಕೆ ನೋಡ್ತೀರಿ ಸಾರ್, ಕೆಳಗೆ ನೋಡಿ’ ಎಂದರು. ಹಾಲವಾಣದ ಬುಡದಲ್ಲಿ ಕೆಂಪು ಹೂಗಳು ಹರಡಿದ್ದವು. ಬಾಡಿ ಬಿದ್ದವಲ್ಲ, ತಾಜಾ ಹೂಗಳು. ಎಲ್ಲದರ ತೊಟ್ಟಿನ ಹತ್ತಿರ ಕಚ್ಚಿದ ಗಾಯ. ನೋಡುತ್ತಿದ್ದಂತೆ ಇನ್ನೊಂದು ಹೂ ಬಿತ್ತು.

ಹಾಗಾಗಿ ಹುಡುಕಾಟ ಶುರುವಾಗಬೇಕಾದ್ದು ನೆಲದಿಂದ.

ಮೊದಲು, ಎಲ್ಲಿ ನಿಂತಿದ್ದೀರಿ ನೋಡಿಕೊಳ್ಳಿ

ಕಡೂರು, ಅರಸೀಕೆರೆಯ ಬಯಲಿನಲ್ಲಿ ಗುಂಪಾಗಿ ಹಾರುವುದು ಬಹುತೇಕ ನಮಗೆಲ್ಲ ಗೊತ್ತಿರುವ ಮಾಮೂಲಿ ಗಿಳಿಯೇ. ಕೆಂಪು ಕೊಕ್ಕು, ಗಂಡಿನ ಕತ್ತಿನಲ್ಲಿ ಕಪ್ಪು ಮತ್ತು ಗುಲಾಬಿ ಪಟ್ಟಿ. ಪಡುವಣಕ್ಕೆ ಬಂದಂತೆ, ಸಕಲೇಶಪುರ, ಬಿಸಿಲೆ, ಮುತ್ತೋಡಿ, ಬಾಬಾಬುಡನ್‌ಗಿರಿ ಕಡೆ, ನಾವು ಹುಡುಕಬೇಕಾದ್ದು ನೀಲಿ ರೆಕ್ಕೆಯ ಗಿಳಿಯನ್ನು. ಮಲಬಾರ್ ಗಿಳಿ ಅಂತಲೂ ಕರೆಯುತ್ತಾರೆ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಬೇರೆ ಯಾವ ಕಾಡಿನಲ್ಲೂ ಇದು ಇಲ್ಲ. ಮಳೆಕಾಡು ಇದರ ಮೂಲ ಮನೆ. ಮರದ ನೆರಳು ಉಳಿಸಿಕೊಂಡ ಕಾಫಿ ತೋಟವಾದರೂ ನಡೆಯುತ್ತದೆ.

ಆಮೇಲೆ ಕಿವಿ

ಬೆಳಿಗ್ಗೆ ಬಿಸಿಲು ಏರುವ ಮೊದಲೇ ಹೋಗಿ, ಹತ್ತು ನಿಮಿಷ ಸುಮ್ನೆ ನಿಲ್ಲಿ. ನೀಲಿ ರೆಕ್ಕೆಯದು ಒರಟಾಗಿ, ಎರಡು ತುಂಡಾಗಿ ಕಿರುಚುತ್ತದೆ. ಇದೇ ತೋಟಗಳಿಗೆ ಬರುವ ಕೆಂದಲೆ ಗಿಳಿಯ ದನಿ ಮೆತ್ತಗೆ. ‘ಟುಯಿಂಕ್?’ ಅಂತ ಏನೋ ಕೇಳಿದ ಹಾಗಿರುತ್ತದೆ. ದನಿ ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಈಗ ಬೈನಾಕ್ಯುಲರ್ ಎತ್ತಿ

ಮೈಯ ಹಸಿರನ್ನು ಮರೆತುಬಿಡಿ. ತಲೆ, ಕತ್ತು, ಕೊಕ್ಕು, ಬಾಲದ ತುದಿ, ಈ ನಾಲ್ಕನ್ನೇ ನೋಡಿ. ಬಾಲವೂ ಸೇರಿ ನೀಲಿ ರೆಕ್ಕೆಯ ಗಿಳಿ ಸುಮಾರು 36ರಿಂದ 38 ಸೆಂಟಿಮೀಟರ್ ಉದ್ದ. ತಲೆ, ಎದೆ, ಬೆನ್ನು ಬೂದುಬಣ್ಣ. ಎಷ್ಟು ಬೂದು ಅಂದರೆ 1830ರಲ್ಲಿ ಇದಕ್ಕೆ ವೈಜ್ಞಾನಿಕ ಹೆಸರಿಟ್ಟವರು ‘ಕೊಲಂಬಾಯ್ಡಿಸ್’ ಎಂದರು, ಅಂದರೆ ಪಾರಿವಾಳದಂಥದ್ದು. ಉದ್ದನೆಯ ನೀಲಿ ಬಾಲದ ತುದಿ ಹಳದಿ. ಕೆಂದಲೆ ಗಿಳಿಗಾದರೆ ಬಾಲದ ತುದಿ ಬಿಳಿ.

ಗಂಡು ಹೆಣ್ಣು ಹೇಳುವುದು ಸುಲಭ. ಗಂಡಿನ ಮೇಲ್ಕೊಕ್ಕು ಕೆಂಪು, ಕತ್ತಿನ ಕಪ್ಪು ಪಟ್ಟಿಯ ಕೆಳಗೆ ಹೊಳೆಯುವ ನೀಲಿ-ಹಸಿರು ಪಟ್ಟಿ ಇನ್ನೊಂದು. ಹೆಣ್ಣಿಗೆ ಕೊಕ್ಕು ಕಪ್ಪು, ಪಟ್ಟಿ ಒಂದೇ. ಮರಿಗಳು ಮಾತ್ರ ಮೋಸ ಮಾಡುತ್ತವೆ. ತಲೆ ಹಸಿರು, ಕೊಕ್ಕು ಕಿತ್ತಳೆ. ನಾನೇ ಒಂದು ಸಲ ಮರಿಯನ್ನು ಮಾಮೂಲಿ ಗಿಳಿ ಅಂತ ಬರೆದುಕೊಂಡು ಬಂದಿದ್ದೆ.

ಕೊಂಬೆಯ ಮೇಲೆ ಸಿಕ್ಕಿತು ಅಂತಿಟ್ಟುಕೊಳ್ಳಿ, ಕಾಲು ನೋಡಿ. ಎರಡು ಬೆರಳು ಮುಂದೆ, ಎರಡು ಹಿಂದೆ. ಅದಕ್ಕೇ ಹೂವನ್ನು ಕೈಯಲ್ಲಿ ಹಿಡಿದಂತೆ ಕಾಲಲ್ಲಿ ಹಿಡಿಯುತ್ತದೆ. ನಾನು ನೋಡಿದ ಗಂಡು ಹಾಲವಾಣದ ಹೂ ಕಿತ್ತು, ಬುಡ ಕಚ್ಚಿ, ಮಕರಂದ ಹೀರಿ ಎಸೆಯಿತು. ಆಮೇಲೆ ಕೊಕ್ಕನ್ನು ಮೂರನೇ ಕಾಲಿನ ಹಾಗೆ ಊರಿಕೊಂಡು ಪಕ್ಕದ ರೆಂಬೆಗೆ ದಾಟಿತು. ಸಿಲ್ವರ್ ಓಕ್ ಹೂವೂ ಇದಕ್ಕೆ ಇಷ್ಟ. ಆ ಮರ ಬಂದದ್ದು ಆಸ್ಟ್ರೇಲಿಯಾದಿಂದ, ಗಿಳಿಗೆ ಅದೆಲ್ಲ ಲೆಕ್ಕಕ್ಕಿಲ್ಲ. ಅತ್ತಿಯ ಜಾತಿಯ ಮರಗಳು ಹಣ್ಣು ಬಿಟ್ಟಾಗ ಅಲ್ಲಿಗೇ ಓಟ.

ಗೂಡಿನ ವಿಷಯ

ಜನವರಿಯಿಂದ ಮಾರ್ಚ್ ಮರಿ ಮಾಡುವ ಕಾಲ. ತಾನೇ ಗೂಡು ಕಟ್ಟುವುದಿಲ್ಲ. ಎತ್ತರದ ಮರದಲ್ಲಿ ಮರಕುಟಿಗ ಅಥವಾ ಕುಟ್ರು ಹಕ್ಕಿ ಕೊರೆದು ಬಿಟ್ಟ ಪೊಟರೆ ಬೇಕು. ನಾಗಸಂಪಿಗೆ ಮರ ಸಿಕ್ಕರೆ ಇನ್ನೂ ಖುಷಿ. ಪೊಟರೆಯಲ್ಲಿ ತಲೆ ಇಣುಕಿದರೆ ಹಿಂದೆ ಸರಿಯಿರಿ, ಫೋಟೊಗೆಂದು ಮರ ಬಡಿಯಬೇಡಿ. ಮರಿ ತಂದು ಸಾಕುವ ಆಸೆಯಂತೂ ಬೇಡವೇ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಮ್ಮ ಕಾಡುಗಿಳಿಗಳನ್ನು ಹಿಡಿಯುವುದು, ಮಾರುವುದು, ಪಂಜರದಲ್ಲಿಡುವುದು ಅಪರಾಧ.

ತೋಟ ನಿಮ್ಮದೇ ಆಗಿದ್ದರೆ ಇನ್ನೊಂದು ಕೆಲಸ. ಸೌದೆಗೆಂದು ಒಣಮರ ಕಡಿಯುವವರು ಬರುವುದೂ ಬೇಸಿಗೆಯಲ್ಲೇ ಅಲ್ವಾ? ಅವರು ಬರುವ ಮೊದಲು ಒಂದು ಸುತ್ತು ಹಾಕಿ. ಗಿಳಿ ಹೋಗಿ ಬರುವ ಪೊಟರೆ ಕಂಡ ಮರಕ್ಕೆ ಹಳೇ ಸೀರೆಯ ತುಂಡೊಂದನ್ನು ಕಟ್ಟಿ, ಮೇಸ್ತ್ರಿಗೂ ಹೇಳಿಡಿ.