ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾ: ಎರಡು ಸೆನ್ಸರ್‌ಗಳನ್ನು ಸರಿಯಾಗಿ ಹೋಲಿಸುವುದು ಹೇಗೆ?

ಸಾಮಾನ್ಯ ಕ್ಯಾಮೆರಾಗಳಿಗಿಂತ ದೊಡ್ಡ ಸೆನ್ಸರ್ (ಬೆಳಕನ್ನು ಚಿತ್ರವಾಗಿ ದಾಖಲಿಸುವ ಚಿಪ್) ಇರುವ ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾ ಕೊಳ್ಳುವ ಮುನ್ನ ಎರಡು ಮಾದರಿಗಳನ್ನು ಅಕ್ಕಪಕ್ಕ ಇಟ್ಟು ಪರೀಕ್ಷಿಸುವವರಿಗೆ ಕೊರತೆಯಿಲ್ಲ. ಆದರೆ ಆ ಪರೀಕ್ಷೆಗಳಲ್ಲಿ ಬಹುಪಾಲು ಸೆನ್ಸರಿನ ತನಕ ತಲುಪುವುದೇ ಇಲ್ಲ. ಒಂದಕ್ಕೆ 80 ಮಿ.ಮೀ. ಲೆನ್ಸ್, ಇನ್ನೊಂದಕ್ಕೆ 63 ಮಿ.ಮೀ. ಲೆನ್ಸ್ ಹಾಕಿ, ಎರಡರಲ್ಲೂ ಅಪರ್ಚರ್ (ಬೆಳಕು ಒಳಬರುವ ಲೆನ್ಸಿನ ಕಿಂಡಿ) ಎಫ್/2.8 ಇಟ್ಟು, ಕ್ಯಾಮೆರಾ ಕೊಟ್ಟ ಜೆಪೆಗ್ ಚಿತ್ರವನ್ನು ಶೇ 100ಕ್ಕೆ ಹಿಗ್ಗಿಸಿ, ‘ಇದರ ಬಣ್ಣ ಮಾಗಿದೆ, ಅದರದು ಚಪ್ಪಟೆ’ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಹಾಗೆ ಕಂಡ ವ್ಯತ್ಯಾಸದಲ್ಲಿ ಲೆನ್ಸಿನ ಪಾಲೆಷ್ಟು, ಅಪರ್ಚರಿನ ಪಾಲೆಷ್ಟು, ಸಾಫ್ಟ್‌ವೇರಿನ ಪಾಲೆಷ್ಟು ಎಂದು ಬೇರ್ಪಡಿಸದ ಹೊರತು ಸೆನ್ಸರಿನ ಬಗ್ಗೆ ಏನನ್ನೂ ಹೇಳಿದಂತಾಗುವುದಿಲ್ಲ. ಒಂದೊಂದನ್ನೇ ಸಮಗೊಳಿಸುತ್ತ ಹೋಗಿ, ಕೊನೆಗೆ ಉಳಿದದ್ದನ್ನು ಮಾತ್ರ ಸೆನ್ಸರಿನ ಲೆಕ್ಕಕ್ಕೆ ಹಾಕುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

1. ಅಳತೆಯ ಲೆಕ್ಕ

ಮೀಡಿಯಂ ಫಾರ್ಮ್ಯಾಟ್ ಎಂಬುದು ಒಂದೇ ಅಳತೆಯ ಹೆಸರಲ್ಲ. 120 ಫಿಲ್ಮಿನ ಕಾಲದಲ್ಲಿ ಅತಿ ಚಿಕ್ಕದೆನಿಸಿದ್ದ 6×4.5 ಚೌಕಟ್ಟು ಕೂಡ ಸುಮಾರು 56×42 ಮಿ.ಮೀ. ಇತ್ತು. ಇಂದು ಫುಜಿಫಿಲ್ಮಿನ ಜಿಎಫ್‌ಎಕ್ಸ್ ಸರಣಿ, ಹ್ಯಾಸಲ್‌ಬ್ಲಾಡ್‌ನ ಎಕ್ಸ್ ಸರಣಿ ಹಾಗೂ 2014ರ ಪೆಂಟಾಕ್ಸ್ 645ಝಡ್ ಕ್ಯಾಮೆರಾಗಳಲ್ಲಿರುವುದು ಸರಿಸುಮಾರು 44×33 ಮಿ.ಮೀ. ಸೆನ್ಸರ್, ಫೇಸ್ ಒನ್ ಕಂಪನಿಯ ಐಕ್ಯೂ4 150ರಲ್ಲಿರುವುದು 53.4×40 ಮಿ.ಮೀ.; ಲೈಕಾ ಎಸ್ ಸರಣಿಯದು 45×30 ಮಿ.ಮೀ. ಫುಲ್ ಫ್ರೇಮ್ ಎನ್ನಿಸಿಕೊಂಡ 36×24 ಮಿ.ಮೀ. ಸೆನ್ಸರಿಗಿಂತ 44×33ರ ವಿಸ್ತೀರ್ಣ ಸುಮಾರು 1.67 ಪಟ್ಟು ಹೆಚ್ಚು, ಅಂದರೆ ಬೆಳಕಿನ ಲೆಕ್ಕದಲ್ಲಿ ಮುಕ್ಕಾಲು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ). ಫೇಸ್ ಒನ್‌ನದು ಸುಮಾರು ಎರಡೂವರೆ ಪಟ್ಟು, ಅಂದರೆ 1.3 ಸ್ಟಾಪ್. ಒಂದೇ ಪೀಳಿಗೆಯ ಸೆನ್ಸರ್‌ಗಳ ನಡುವೆ ನಿಮಗೆ ಇದಕ್ಕಿಂತ ಎಷ್ಟೋ ದೊಡ್ಡ ಅಂತರ ಕಂಡುಬಂದರೆ, ಸಂತೋಷಪಡುವ ಮೊದಲು ಪರೀಕ್ಷೆಯನ್ನು ಅನುಮಾನಿಸಿ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಜಿಎಫ್‌ಎಕ್ಸ್ 100, ಹ್ಯಾಸಲ್‌ಬ್ಲಾಡ್ ಎಕ್ಸ್2ಡಿ 100ಸಿ, ಐಕ್ಯೂ4 150 ಮತ್ತು 61 ಮೆಗಾಪಿಕ್ಸೆಲ್‌ನ ಫುಲ್ ಫ್ರೇಮ್ ಸೋನಿ ಎ7ಆರ್ 4, ಈ ನಾಲ್ಕರಲ್ಲೂ ಪಿಕ್ಸೆಲ್ಲಿನ ಅಗಲ 3.76 ಮೈಕ್ರಾನ್. ಪಿಕ್ಸೆಲ್ ಒಂದೇ, ಅವುಗಳ ಸಂಖ್ಯೆ ಮಾತ್ರ ಬೇರೆ. ಹೀಗಿರುವಾಗ ಶೇ 100ಕ್ಕೆ ಹಿಗ್ಗಿಸಿ ಪಿಕ್ಸೆಲ್ಲಿಗೆ ಪಿಕ್ಸೆಲ್ ಹೋಲಿಸಿದರೆ ನೋಡುತ್ತಿರುವುದು ಲೆನ್ಸನ್ನೇ ಹೊರತು ಸೆನ್ಸರನ್ನಲ್ಲ.

2. ವಸ್ತು ಮತ್ತು ಬೆಳಕು

ಗಟ್ಟಿಯಾದ ಟ್ರೈಪಾಡ್, ಅಲುಗದ ವಸ್ತುಗಳು, ಬದಲಾಗದ ಬೆಳಕು, ಇಷ್ಟು ಸಾಕು. ದೃಶ್ಯದಲ್ಲಿ ಕಪ್ಪು ಉಣ್ಣೆ ಬಟ್ಟೆ, ಸಣ್ಣ ನೇಯ್ಗೆಯ ಬಟ್ಟೆ, ಹೊಳೆಯುವ ಲೋಹ ಮತ್ತು 24 ಚೌಕಗಳ ಬಣ್ಣದ ಚಾರ್ಟ್ ಇರಲೇಬೇಕು. ಅಗ್ಗದ ಎಲ್‌ಇಡಿ ಪ್ಯಾನೆಲ್‌ಗಳನ್ನು ದಯವಿಟ್ಟು ದೂರವಿಡಿ. ಅವುಗಳ ವರ್ಣಪಟಲದಲ್ಲಿ ಅಲ್ಲಲ್ಲಿ ಹಳ್ಳಗಳಿರುತ್ತವೆ, ಆ ಹಳ್ಳಗಳು ಒಂದೊಂದು ಸೆನ್ಸರಿನಲ್ಲಿ ಒಂದೊಂದು ಬಗೆಯಾಗಿ ಕಾಣುತ್ತವೆ. ಇಂಕ್‌ಜೆಟ್ ಪ್ರಿಂಟರಿನಲ್ಲಿ ಮುದ್ರಿಸಿಕೊಂಡ ಬಣ್ಣದ ಚಾರ್ಟೂ ಅಷ್ಟೇ, ಕೆಲಸಕ್ಕೆ ಬಾರದು. ಕಿಟಕಿಯ ಬೆಳಕು ಮೋಡಕ್ಕೆ ತಕ್ಕಂತೆ ನಿಮಿಷಕ್ಕೊಮ್ಮೆ ಬದಲಾಗುವುದರಿಂದ ಸ್ಟುಡಿಯೊ ಫ್ಲ್ಯಾಶ್ ಉತ್ತಮ.

3. ನೋಟದ ಕೋನ ಮತ್ತು ಅಪರ್ಚರ್

ಮುಖದಲ್ಲಿ ಮೂಗು ಎಷ್ಟು ಮುಂದೆ ಬಂದಂತೆ ಕಾಣುತ್ತದೆ, ಹಿಂದಿನ ಗೋಡೆ ಎಷ್ಟು ಹತ್ತಿರ ಎನಿಸುತ್ತದೆ ಎಂಬುದೆಲ್ಲ ಕ್ಯಾಮೆರಾ ನಿಂತ ಜಾಗದಿಂದ ನಿರ್ಧಾರವಾಗುತ್ತದೆಯೇ ವಿನಾ ಸೆನ್ಸರಿನ ಗಾತ್ರದಿಂದಲ್ಲ. ಆದ್ದರಿಂದ ಕ್ಯಾಮೆರಾ ಬದಲಿಸುವಾಗ ಟ್ರೈಪಾಡನ್ನು ಹಿಂದೆ ಮುಂದೆ ಸರಿಸಲೇಬಾರದು. ಚೌಕಟ್ಟನ್ನು ಲೆನ್ಸಿನಿಂದಲೇ ಹೊಂದಿಸಬೇಕು. 44×33 ಮತ್ತು 53.4×40ರ ನಡುವಿನ ಅನುಪಾತ 1.22. ಮೊದಲನೆಯದರಲ್ಲಿ 63 ಮಿ.ಮೀ. ಲೆನ್ಸ್ ಕಾಣುವಷ್ಟನ್ನು ಎರಡನೆಯದರಲ್ಲಿ ಕಾಣಲು ಸುಮಾರು 77 ಮಿ.ಮೀ. ಬೇಕು; 80 ಮಿ.ಮೀ. ಲೆನ್ಸ್ ಹಾಕಿ, ಮೊದಲನೆಯದರ ಚಿತ್ರದಲ್ಲಿ ಹೆಚ್ಚಾಗಿ ಉಳಿದ ಅಂಚನ್ನು ಕತ್ತರಿಸಿದರೆ ನಡೆಯುತ್ತದೆ. ಎಫ್ ಸಂಖ್ಯೆಯನ್ನೂ ಅದೇ ಅನುಪಾತದಿಂದ ಗುಣಿಸಬೇಕು: ಇಲ್ಲಿ ಎಫ್/4 ಆದರೆ ಅಲ್ಲಿ ಎಫ್/5. ಎರಡೂ ಕಡೆ ಎಫ್/4 ಇಟ್ಟರೆ ದೊಡ್ಡ ಸೆನ್ಸರಿನ ಹಿನ್ನೆಲೆ ಹೆಚ್ಚು ಮಸುಕಾಗುತ್ತದೆ, ನೋಡಿದವರು ಅದನ್ನೇ ‘ಮೀಡಿಯಂ ಫಾರ್ಮ್ಯಾಟ್ ಲುಕ್’ ಎಂದು ಕರೆಯುತ್ತಾರೆ. ಜಿಎಫ್‌ಎಕ್ಸ್‌ನ ಹೆಸರಾಂತ 110 ಮಿ.ಮೀ. ಎಫ್/2 ಲೆನ್ಸ್ ಫುಲ್ ಫ್ರೇಮಿನ ಲೆಕ್ಕದಲ್ಲಿ ಸುಮಾರು 87 ಮಿ.ಮೀ. ಎಫ್/1.6 ಆಗುತ್ತದೆ, ಫುಲ್ ಫ್ರೇಮಿಗೆ 85 ಮಿ.ಮೀ. ಎಫ್/1.4 ಮತ್ತು ಎಫ್/1.2 ಲೆನ್ಸ್‌ಗಳೇ ಸಿಗುವಾಗ ಮಸುಕಿನ ಪಂದ್ಯದಲ್ಲಿ ದೊಡ್ಡ ಸೆನ್ಸರಿಗೆ ಗೆಲುವು ಖಾತರಿಯೇನಲ್ಲ.

ಫುಲ್ ಫ್ರೇಮಿನೊಡನೆ ಹೋಲಿಸುವಾಗ ಆಕಾರದ ತೊಡಕೂ ಇದೆ. 3:2 ಆಕಾರಕ್ಕೆ ಎರಡನ್ನೂ ಕತ್ತರಿಸಿದರೆ ಅನುಪಾತ 1.22, 4:3ಕ್ಕೆ ಕತ್ತರಿಸಿದರೆ 1.37. ನೀವು ಮುದ್ರಿಸುವ ಆಕಾರ ಯಾವುದೋ ಅದಕ್ಕೇ ಕತ್ತರಿಸಿ. ಕರ್ಣದ ಅಳತೆಯ ಚರ್ಚೆಯನ್ನು ಚರ್ಚೆ ಇಷ್ಟಪಡುವವರಿಗೆ ಬಿಡಿ. ಸ್ಪಷ್ಟತೆಯ ಪರೀಕ್ಷೆಯನ್ನು ಎಫ್/5.6 ಮತ್ತು ಎಫ್/8ರ ನಡುವೆ ನಡೆಸಬೇಕು. ಎಫ್/11ರಲ್ಲಿ ಬೆಳಕಿನ ವಿವರ್ತನೆಯಿಂದ ಪ್ರತಿ ಬಿಂದುವೂ ಸುಮಾರು 15 ಮೈಕ್ರಾನ್ ಅಗಲದ ಚುಕ್ಕೆಯಾಗಿ ನಾಲ್ಕು ಪಿಕ್ಸೆಲ್ ಅಗಲಕ್ಕೆ ಹರಡುತ್ತದೆ. ಅಲ್ಲಿಂದ ಮುಂದೆ 50 ಮತ್ತು 100 ಮೆಗಾಪಿಕ್ಸೆಲ್ ನಡುವಿನ ಅಂತರ ಕಿರಿದಾಗುತ್ತ ಹೋಗುತ್ತದೆ.

4. ಎಕ್ಸ್‌ಪೋಷರ್: ಎರಡು ಸುತ್ತು

ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಸೂಕ್ಷ್ಮತೆಯ) ಸಂಖ್ಯೆಯನ್ನು ನಂಬಬೇಡಿ. ಒಂದೇ ಸಂಖ್ಯೆ ಇಟ್ಟರೂ ಎರಡು ಕಂಪನಿಗಳ ರಾ ಫೈಲುಗಳಲ್ಲಿ (ಸೆನ್ಸರಿನ ಸಂಸ್ಕರಿಸದ ದಾಖಲೆಗಳಲ್ಲಿ) ದಾಖಲಾಗುವ ಪ್ರಮಾಣ ಬೇರೆ ಬೇರೆ ಇರಬಹುದು. ಕ್ಯಾಮೆರಾದ ಹಿಂಬದಿಯ ಹಿಸ್ಟೋಗ್ರಾಂ (ಚಿತ್ರದ ಬೆಳಕು ನೆರಳಿನ ಹಂಚಿಕೆ ತೋರಿಸುವ ನಕ್ಷೆ) ಕೂಡ ಸಾಮಾನ್ಯವಾಗಿ ಜೆಪೆಗ್‌ನಿಂದ ಹುಟ್ಟಿದ್ದು. ರಾ ಫೈಲಿನ ಹಿಸ್ಟೋಗ್ರಾಮನ್ನೇ ತೋರಿಸುವ ತಂತ್ರಾಂಶದಲ್ಲಿ ಪರಿಶೀಲಿಸಬೇಕು.

ಮೊದಲ ಸುತ್ತಿನಲ್ಲಿ ಶಟರ್ ವೇಗ ಒಂದೇ ಇರಲಿ, ಅಪರ್ಚರನ್ನು ಮೇಲಿನ ಅನುಪಾತದಂತೆ ಹೊಂದಿಸಿ. ಆಗ ಎರಡೂ ಸೆನ್ಸರ್‌ಗಳ ಮೇಲೆ ಬೀಳುವ ಒಟ್ಟು ಬೆಳಕು ಸಮನಾಗುತ್ತದೆ, ಒಂದೇ ಗಾತ್ರಕ್ಕೆ ಮುದ್ರಿಸಿದಾಗ ನಾಯ್ಸ್ (ಚಿತ್ರದಲ್ಲಿ ಮೂಡುವ ಬೇಡದ ಚುಕ್ಕೆಗಳು) ಕೂಡ ಹೆಚ್ಚುಕಡಿಮೆ ಸಮನಾಗುತ್ತದೆ. ದೊಡ್ಡ ಸೆನ್ಸರಿಗೆ ದುಡ್ಡು ಕೊಟ್ಟವರಿಗೆ ಇದು ಕಹಿ ಸುದ್ದಿ. ಎರಡನೆಯ ಸುತ್ತಿನಲ್ಲಿ ಎರಡನ್ನೂ ಅವುಗಳ ಕನಿಷ್ಠ ಐಎಸ್‌ಒಗೆ ಇಳಿಸಿ (ಜಿಎಫ್‌ಎಕ್ಸ್ 100ರಲ್ಲಿ 100, ಜಿಎಫ್‌ಎಕ್ಸ್ 100ರ ಎರಡನೆಯ ಆವೃತ್ತಿಯಲ್ಲಿ 80, ಎಕ್ಸ್2ಡಿಯಲ್ಲಿ 64, ಐಕ್ಯೂ4ರಲ್ಲಿ 50), ಲೋಹದ ಹೊಳಪು ರಾ ಫೈಲಿನಲ್ಲಿ ಇನ್ನೇನು ಬಿಳಿಯಾಗಿ ಸುಟ್ಟುಹೋಗುತ್ತದೆ ಎನ್ನುವವರೆಗೆ ಬೆಳಕು ತುಂಬಿಸಿ, ನಂತರ ಕಪ್ಪು ಉಣ್ಣೆಯ ಭಾಗವನ್ನು ಕಂಪ್ಯೂಟರಿನಲ್ಲಿ ನಾಲ್ಕು ಸ್ಟಾಪ್ ಮೇಲೆತ್ತಿ. ದೊಡ್ಡ ಸೆನ್ಸರಿನ ನಿಜವಾದ ಬಲ ಕಾಣುವುದು ಇಲ್ಲಿ: ಹೆಚ್ಚು ಬೆಳಕು ಕೊಟ್ಟಾಗ ಅದು ಹೆಚ್ಚು ಬೆಳಕನ್ನು ಹಿಡಿದಿಟ್ಟುಕೊಳ್ಳುತ್ತದೆ, ನೂಲಿನ ಎಳೆಗಳು ಕೆಸರಾಗದೆ ಒಂದೊಂದಾಗಿ ಎದ್ದು ಬರುತ್ತವೆ. ಪ್ರತಿ ಪಿಕ್ಸೆಲ್ಲಿನ ಹೊಳಪನ್ನು ದಾಖಲಿಸಲು 14 ಬಿಟ್ ಸಾಲದು, 16 ಬಿಟ್ ಬೇಕು ಎನ್ನುವವರು ಜಿಎಫ್‌ಎಕ್ಸ್ 100ರಲ್ಲಿ ಎರಡನ್ನೂ ಆಯ್ದುಕೊಳ್ಳುವ ಅವಕಾಶವಿರುವುದರಿಂದ ಇದೇ ಉಣ್ಣೆಯ ಮೇಲೆ ಪರೀಕ್ಷಿಸಿಕೊಳ್ಳಬಹುದು. ಫೈಲಿನ ಗಾತ್ರ ಬೆಳೆಯುವಷ್ಟು ವ್ಯತ್ಯಾಸ ಕಣ್ಣಿಗೆ ಬೆಳೆಯುವುದಿಲ್ಲ.

5. ಬಣ್ಣ: ಎಲ್ಲರೂ ಎಡವುವ ಹಂತ

ಪೆಂಟಾಕ್ಸ್ 645ಡಿ 2010ರಲ್ಲಿ ಕೊಡ್ಯಾಕ್‌ನ ಸಿಸಿಡಿ ಸೆನ್ಸರಿನೊಡನೆ ಬಂದಿತು, 645ಝಡ್ ಬಂದದ್ದು ಸಿಮಾಸ್ ಸೆನ್ಸರಿನೊಡನೆ. ಒಂದೇ ಲೆನ್ಸ್ ಎರಡಕ್ಕೂ ಹೊಂದುವುದರಿಂದ ‘ಸಿಸಿಡಿ ಬಣ್ಣವೇ ಬೇರೆ’ ಎಂಬ ಮಾತನ್ನು ಒರೆಗೆ ಹಚ್ಚಲು ಈ ಜೋಡಿಗಿಂತ ಒಳ್ಳೆಯದು ಸಿಗಲಾರದು. ಸಿಸಿಡಿ, ಸಿಮಾಸ್ ಎಂಬವು ಸೆನ್ಸರಿನಲ್ಲಿ ಕೂಡಿದ ವಿದ್ಯುದಾವೇಶವನ್ನು ಓದಿಕೊಳ್ಳುವ ಎರಡು ವಿಧಾನಗಳು. ಬಣ್ಣವನ್ನು ನಿರ್ಧರಿಸುವುದು ಪಿಕ್ಸೆಲ್ಲುಗಳ ಮೇಲಿರುವ ಬಣ್ಣದ ಫಿಲ್ಟರ್, ಅವಕೆಂಪು ಕಿರಣ ತಡೆಯುವ ಗಾಜು ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ರಾ ಫೈಲನ್ನು ತೆರೆಯುವ ತಂತ್ರಾಂಶದ ಪ್ರೊಫೈಲ್ (ಬಣ್ಣಗಳನ್ನು ಹೊಂದಿಸುವ ಕೋಷ್ಟಕ). ಒಂದನ್ನು ಹ್ಯಾಸಲ್‌ಬ್ಲಾಡ್‌ನ ಫೋಕಸ್ ತಂತ್ರಾಂಶದಲ್ಲಿ, ಇನ್ನೊಂದನ್ನು ಲೈಟ್‌ರೂಮಿನಲ್ಲಿ ತೆರೆದರೆ ಹೋಲಿಸಿದ್ದು ಎರಡು ತಂತ್ರಾಂಶಗಳನ್ನು.

ಹೀಗೆ ಮಾಡಿ. ಚಾರ್ಟನ್ನು ಚೌಕಟ್ಟಿನ ನಡುಭಾಗದಲ್ಲಿ, ಎಲ್ಲ ಮೂಲೆಗೂ ಸಮವಾಗಿ ಬೆಳಕು ಬೀಳುವಂತೆ ನಿಲ್ಲಿಸಿ ಎರಡೂ ಕ್ಯಾಮೆರಾಗಳಿಂದ ತೆಗೆಯಿರಿ. ವೈಟ್ ಬ್ಯಾಲೆನ್ಸನ್ನು ಬಿಳಿ ಚೌಕದ ಮೇಲಲ್ಲ, ಅದರ ಪಕ್ಕದ ತಿಳಿಬೂದು ಚೌಕದ ಮೇಲೆ ಕ್ಲಿಕ್ ಮಾಡಬೇಕು. ಬಿಳಿ ಚೌಕದಲ್ಲಿ ಒಂದು ಬಣ್ಣದ ಚಾನೆಲ್ ಸುಟ್ಟುಹೋಗಿದ್ದರೂ ಕಣ್ಣಿಗೆ ಗೊತ್ತಾಗುವುದಿಲ್ಲ. ಆಮೇಲೆ ಚಾರ್ಟಿನೊಡನೆ ಬರುವ ತಂತ್ರಾಂಶದಿಂದ ಪ್ರತಿ ಕ್ಯಾಮೆರಾಕ್ಕೂ, ಪ್ರತಿ ಲೆನ್ಸಿಗೂ ಪ್ರತ್ಯೇಕ ಪ್ರೊಫೈಲ್ ತಯಾರಿಸಿ; ಲೆನ್ಸಿನ ಲೇಪನವೂ ಬಣ್ಣಕ್ಕೆ ತುಸು ಛಾಯೆ ಸೇರಿಸುತ್ತದೆ.

ಇಷ್ಟಕ್ಕೇ ನಿಲ್ಲಿಸುವವರೇ ಹೆಚ್ಚು. ತಪ್ಪು ಆಗುವುದು ಇದರ ಮುಂದೆ. ಎಕ್ಸ್‌ಪೋಷರ್ ಸ್ಲೈಡರ್ ಎರಡು ಚಿತ್ರಗಳಲ್ಲೂ ಸೊನ್ನೆಯಲ್ಲಿದ್ದ ಮಾತ್ರಕ್ಕೆ ಎರಡೂ ಸಮ ಎಂದಲ್ಲ, ಏಕೆಂದರೆ ತಂತ್ರಾಂಶವು ಪ್ರತಿ ಮಾದರಿಗೂ ತನ್ನದೇ ಒಂದು ಗುಪ್ತ ಹೆಚ್ಚಳವನ್ನು ಸೇರಿಸಿರಬಹುದು. ಆದ್ದರಿಂದ ಟೋನ್ ಕರ್ವನ್ನು (ಬೆಳಕು ನೆರಳನ್ನು ಹೊಂದಿಸುವ ಗೆರೆಯನ್ನು) ನೇರಗೊಳಿಸಿ, ಬೂದು ಸಾಲಿನಲ್ಲಿ ಬಿಳಿಯಿಂದ ನಾಲ್ಕನೆಯ ಚೌಕದ ಎಲ್ ಮೌಲ್ಯ (0ಯಿಂದ 100ರವರೆಗಿನ ಹೊಳಪಿನ ಅಳತೆ) ಎರಡರಲ್ಲೂ 51ರ ಆಸುಪಾಸಿಗೆ ಬರುವಂತೆ ಸ್ಲೈಡರನ್ನು ಸರಿಸಿ, ನಂತರ ಐದನೆಯದು 36, ಆರನೆಯದು 20ರ ಹತ್ತಿರ ಇವೆಯೇ ಎಂದು ನೋಡಿ. ಕಾಲು ಸ್ಟಾಪ್ ಹೆಚ್ಚು ಬೆಳಗಿದ ಚಿತ್ರ ಯಾವಾಗಲೂ ‘ಗಾಳಿಯಾಡುವಂತೆ’ ಕಾಣುತ್ತದೆ, ಸ್ವಲ್ಪ ಕಪ್ಪಾದದ್ದು ಯಾವಾಗಲೂ ‘ಗಾಢ’ ಎನಿಸುತ್ತದೆ. ಈ ಒಂದು ಸಣ್ಣ ಸರಿಪಡಿಕೆಯಿಂದ ಅರ್ಧದಷ್ಟು ಜಗಳ ಮುಗಿಯುತ್ತದೆ. ಶಾರ್ಪನಿಂಗ್, ನಾಯ್ಸ್ ಇಳಿಕೆ ಎರಡನ್ನೂ ಸೊನ್ನೆ ಮಾಡಿ. ಲೈಟ್‌ರೂಮ್ ರಾ ಫೈಲುಗಳಿಗೆ ಕೇಳದೆಯೇ ಶಾರ್ಪನಿಂಗ್ 40, ಬಣ್ಣದ ನಾಯ್ಸ್ ಇಳಿಕೆ 25 ಹಾಕಿರುತ್ತದೆ. ಮೂಲೆಗಳ ಕತ್ತಲನ್ನು ಸರಿಪಡಿಸುವ ಆಯ್ಕೆಯನ್ನೂ ಆಫ್ ಮಾಡಿಡಬೇಕು, ಅದು ಮೂಲೆಯ ನಾಯ್ಸನ್ನೂ ಜೊತೆಗೇ ಎತ್ತುತ್ತದೆ. ‘ಮೀಡಿಯಂ ಫಾರ್ಮ್ಯಾಟ್ ಬಣ್ಣ’ ಎಂಬ ಹೆಸರಿನಲ್ಲಿ ಮಾರಾಟವಾಗುವ ಪ್ರಿಸೆಟ್ ಕಂತೆಗಳು ಒಂದು ಕರ್ವ್ ಮತ್ತು ಒಂದಷ್ಟು ಕಿತ್ತಳೆ ಛಾಯೆ ಮಾತ್ರ. ಅವುಗಳಿಗೆ ಹಣ ಸುರಿಯುವ ಬದಲು ಅಸಲಿ ಚಾರ್ಟ್ ಕೊಳ್ಳಿ.

6. ನೋಡುವ ಕ್ರಮ

50 ಮೆಗಾಪಿಕ್ಸೆಲ್‌ನ 8256×6192 ಚಿತ್ರವನ್ನೂ 100 ಮೆಗಾಪಿಕ್ಸೆಲ್‌ನ 11648×8736 ಚಿತ್ರವನ್ನೂ ಒಂದೇ ಅಳತೆಗೆ ಇಳಿಸಿ ಮುದ್ರಿಸಿ. ಫೈಲುಗಳ ಹೆಸರನ್ನು ಬೇರೆಯವರಿಂದ ಬದಲಾಯಿಸಿಕೊಂಡು, ಯಾವುದು ಯಾವ ಕ್ಯಾಮೆರಾದ್ದೆಂದು ತಿಳಿಯದೆ ನೋಡಬೇಕು. ಬೆಲೆ ಗೊತ್ತಿದ್ದರೆ ಕಣ್ಣು ಆ ಕಡೆಗೇ ವಾಲುತ್ತದೆ.

ಕೊನೆಯದಾಗಿ ಸಣ್ಣ ನೇಯ್ಗೆಯ ಬಟ್ಟೆಯನ್ನು ಮಾತ್ರ ಹಿಗ್ಗಿಸಿ ನೋಡಿ. ಈ ಕ್ಯಾಮೆರಾಗಳಲ್ಲಿ ಸೂಕ್ಷ್ಮ ವಿವರವನ್ನು ಬೇಕೆಂದೇ ಮಂದಗೊಳಿಸುವ ಫಿಲ್ಟರ್ ಇರುವುದಿಲ್ಲ, ಹಾಗಾಗಿ ನೂಲಿನ ಅಂತರ ಪಿಕ್ಸೆಲ್ಲಿನ ಅಂತರಕ್ಕೆ ಸಮೀಪಿಸಿದಾಗ ಬಟ್ಟೆಯಲ್ಲಿಲ್ಲದ ಬಣ್ಣದ ಪಟ್ಟೆಗಳು ಮೂಡುತ್ತವೆ. 5.3 ಮೈಕ್ರಾನ್ ಪಿಕ್ಸೆಲ್ಲಿನ 50 ಮೆಗಾಪಿಕ್ಸೆಲ್ ಸೆನ್ಸರಿನಲ್ಲಿ ಇದು 3.76 ಮೈಕ್ರಾನಿನದಕ್ಕಿಂತ ಬೇಗ ಕಾಣಿಸಿಕೊಳ್ಳುತ್ತದೆ. ಉಡುಪುಗಳ ಛಾಯಾಗ್ರಹಣ ನಿಮ್ಮ ಕಸುಬಾಗಿದ್ದರೆ, ನೆರಳಿನ ವಿವರ, ಬಣ್ಣ ಎಲ್ಲವನ್ನೂ ಬದಿಗಿಟ್ಟು ಈ ಪಟ್ಟೆಯೊಂದನ್ನೇ ನೋಡಿ 100 ಮೆಗಾಪಿಕ್ಸೆಲ್‌ನದನ್ನು ಆರಿಸಿಕೊಳ್ಳಿ.