ಸಿ ಭಾಷೆಯಲ್ಲಿ ಡಬಲ್ ಹೋಲಿಕೆ: ಎಪ್ಸಿಲಾನ್ ಒಂದೇ ಸಾಕಾಗಲಿಲ್ಲ

ಒಂದು ಡಬಲ್ (ದಶಮಾಂಶ ಸಂಖ್ಯೆ ಇಡುವ ಬಗೆ) ಸೊನ್ನೆಯಿಂದ ಶುರು ಮಾಡಿ ಪ್ರತಿ ಸುತ್ತಿಗೆ 0.1 ಕೂಡಿಸುವುದು, 1.0 ಆದಾಗ ನಿಲ್ಲುವುದು. ಇಷ್ಟೇ ಲೂಪ್. ಅದು ನಿಲ್ಲಲೇ ಇಲ್ಲ. ಬೆಲೆ ಮುದ್ರಿಸುವ ಪ್ರಿಂಟ್‌ಎಫ್ ಮಾತ್ರ 1.000000 ಅಂತಲೇ ತೋರಿಸುತ್ತಿತ್ತು. 17 ಅಂಕಿ ಮುದ್ರಿಸಿದಾಗ ನಿಜ ಗೊತ್ತಾಯಿತು: ಅಲ್ಲಿದ್ದದ್ದು 0.99999999999999989. ಮುಂದಿನ ಸುತ್ತಿಗೆ 1.0 ದಾಟಿ ಹೋಗುತ್ತಿತ್ತು. ಮೂರನೇ ಒಂದನ್ನು ದಶಮಾಂಶದಲ್ಲಿ ಬರೆದರೆ ಮುಗಿಯುವುದಿಲ್ಲ ಅಲ್ವಾ, ಹಾಗೇ 0.1 ಕಂಪ್ಯೂಟರ್ ಬಳಸುವ ಬೈನರಿಯಲ್ಲಿ ಮುಗಿಯುವುದಿಲ್ಲ.

ಎಲ್ಲರೂ ಹೇಳುವ ಉಪಾಯವನ್ನೇ ನಾನೂ ಮಾಡಿದೆ. ಸಮವೇ ಅಂತ ನೋಡುವ == ತೆಗೆದು, ಫ್ಯಾಬ್ಸ್(ಎ - ಬಿ) < ಡಿಬಿಎಲ್ ಎಪ್ಸಿಲಾನ್ ಹಾಕಿದೆ. ಅಂದರೆ ಚಿಹ್ನೆ ಬಿಟ್ಟು ನೋಡಿದ ವ್ಯತ್ಯಾಸ ಎಪ್ಸಿಲಾನ್ ಎಂಬ ತೀರಾ ಸಣ್ಣ ಸಂಖ್ಯೆಗಿಂತ ಕಡಿಮೆ ಇದ್ದರೆ ಎರಡೂ ಸಮ. ಲೂಪ್ ನಿಂತಿತು, ಅದನ್ನೇ ಎಲ್ಲ ಕಡೆ ಬಳಸಿದೆ. ಆದರೆ ಲಕ್ಷದ ಮೇಲಿನ ಮೊತ್ತಗಳನ್ನು ಬೇರೆ ಬೇರೆ ಕ್ರಮದಲ್ಲಿ ಕೂಡಿಸಿ ಹೋಲಿಸಿದಾಗ, ಸಮ ಇರಬೇಕಾದವೂ ಬೇರೆ ಅಂತ ಬರತೊಡಗಿದವು.

ಇದರ ಕಾರಣವನ್ನು ಸರಿಯಾಗಿ ತಿಳಿದುಕೊಳ್ಳಲೇಬೇಕು. ಎಪ್ಸಿಲಾನ್ ಅಂದರೆ 1.0ಕ್ಕೂ ಅದರ ಮುಂದಿನ ಡಬಲ್‌ಗೂ ನಡುವಿನ ಅಂತರ, ಅಷ್ಟೇ. ದಶಮಾಂಶ ಬಿಂದುವಿನ ನಂತರ 15 ಸೊನ್ನೆ, ಆಮೇಲೆ 22 ಬರುವಷ್ಟು ಸಣ್ಣದು. ಸಂಖ್ಯೆ ದೊಡ್ಡದಾದಂತೆ ಈ ಅಂತರವೂ ಬೆಳೆಯುತ್ತದೆ. ಒಂದು ಲಕ್ಷದ ಹತ್ತಿರ ಅದು ಎಪ್ಸಿಲಾನ್‌ನ 65,536 ಪಟ್ಟು! ಅಂದರೆ ಅಲ್ಲಿ ಎರಡು ಸಂಖ್ಯೆ ಒಂದು ಹೆಜ್ಜೆ ಬೇರೆಯಾದರೂ ನನ್ನ ಮಿತಿ ದಾಟುತ್ತಿತ್ತು. ಎರಡೂ ಸಂಖ್ಯೆ 1.0 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ನನ್ನ ಹೊಸ ಕೋಡ್ ಹಳೆಯ == ಮಾಡುವ ಕೆಲಸವನ್ನೇ ಸುತ್ತಿ ಬಳಸಿ ಮಾಡುತ್ತಿತ್ತು.

ಈಗ ಎರಡು ಮಿತಿ ಇಟ್ಟುಕೊಂಡಿದ್ದೇನೆ. ಚಿಹ್ನೆ ಬಿಟ್ಟು ನೋಡಿದಾಗ ಎರಡರಲ್ಲಿ ದೊಡ್ಡದಾದ ಸಂಖ್ಯೆಯನ್ನು 0.000000001ರಿಂದ ಗುಣಿಸಿದರೆ ಒಂದು ಮಿತಿ. ಸೊನ್ನೆಯ ಹತ್ತಿರ ಅದೂ ಸೊನ್ನೆಯಾಗಿ ಕರಗಿಹೋಗುವುದರಿಂದ, ಇನ್ನೊಂದು ಬದಲಾಗದ ಸಣ್ಣ ಮಿತಿ. ಎರಡು ಮಿತಿಗಳಲ್ಲಿ ಯಾವುದು ದೊಡ್ಡದೋ, ವ್ಯತ್ಯಾಸ ಅದರೊಳಗೇ ಇದೆಯೇ ಅಂತ <= ಹಾಕಿ ನೋಡುತ್ತೇನೆ. ಬದಲಾಗದ ಮಿತಿಯನ್ನು ಎಲ್ಲಿಂದಲೋ ಸುಮ್ನೆ ನಕಲು ಮಾಡಬೇಡಿ. ನಿಮ್ಮ ಅಳತೆಯಲ್ಲಿ ಎಷ್ಟು ವ್ಯತ್ಯಾಸ ಲೆಕ್ಕಕ್ಕಿಲ್ಲವೋ ಅದನ್ನೇ ಹಾಕಿ.

ಇನ್‌ಫಿನಿಟಿಗೆ (ಅನಂತ) ಮಾತ್ರ ಮೊದಲೇ ಬೇರೆ ಪರೀಕ್ಷೆ ಬೇಕು, ಇಲ್ಲದಿದ್ದರೆ ಮಿತಿಯೇ ಇನ್‌ಫಿನಿಟಿ ಆಗಿ 5.0 ಕೂಡ ಅದಕ್ಕೆ ಸಮ ಅನ್ನುತ್ತದೆ. ನ್ಯಾನ್ (ಸಂಖ್ಯೆಯೇ ಅಲ್ಲದ ಬೆಲೆ) ತನಗೆ ತಾನೇ ಸಮ ಅಲ್ಲ, ಹಾಗಾಗಿ ಅಲ್ಲಿ ತಾನಾಗಿಯೇ ಸುಳ್ಳು ಬರುತ್ತದೆ. ಫ್ಯಾಬ್ಸ್ ಬದಲು ಆ್ಯಬ್ಸ್ ಬರೆದರಂತೂ ವ್ಯತ್ಯಾಸ ಇಂಟ್ (ಪೂರ್ಣಾಂಕ) ಆಗಿ, 1ಕ್ಕಿಂತ ಕಡಿಮೆ ಇರುವುದೆಲ್ಲ ಸೊನ್ನೆ. ಇದನ್ನು ಹುಡುಕಲು ನನಗೆ ಒಂದು ಸಂಜೆ ಹಿಡಿಯಿತು.

ಆ ಮೊದಲ ಲೂಪಿನಲ್ಲಿ ಈಗ ಇಂಟ್ ಎಣಿಕೆ ಇದೆ. 0ಯಿಂದ 10ರವರೆಗೆ ಎಣಿಸಿ, ಬೇಕಾದಾಗ 10.0ರಿಂದ ಭಾಗಿಸುತ್ತೇನೆ. ಡಬಲ್ ಹೋಲಿಸುವ ಪ್ರಸಂಗವೇ ಅಲ್ಲಿಲ್ಲ.